ಗಿನಿ ಬೆಲೆಯ ಗುಳಿಗೆಯನ್ನು ಜನ ಯಾಕೆ ನಂಬಿದರು?

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ. ಕಾಂಟ್ರಾಕ್ಟ್ ಪಾಠದಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಪ್ರಕರಣ ಬಂತು. ಮೂಗಿಗೆ ಪುಡಿ ಊದುವ ರಬ್ಬರ್ ಚೆಂಡು ನೆಗಡಿ, ಕೆಮ್ಮು, ದಮ್ಮು ಎಲ್ಲಕ್ಕೂ ಮದ್ದು ಎಂದು ಮಾರುತ್ತಿದ್ದರಂತೆ. ರೈಲು, ತಂತಿ, ಡಾರ್ವಿನ್ ಎಲ್ಲ ಬಂದಿದ್ದ ಕಾಲ ಅದು. ಅಷ್ಟು ಮುಂದುವರಿದ ಇಂಗ್ಲೆಂಡಿನಲ್ಲಿ ಜನ ಇಂಥದ್ದನ್ನು ಹೇಗೆ ನಂಬಿದರು? ಇನ್ನೊಂದು ಅನುಮಾನ: ‘ಪೇಟೆಂಟ್ ಔಷಧ’ ಅಂದರೆ ಸರ್ಕಾರವೇ ಪರೀಕ್ಷಿಸಿ ಹಕ್ಕು ಕೊಟ್ಟ ಔಷಧ ಅಲ್ಲವೇ ಸರ್?

ಉತ್ತರ: ಎರಡನೆಯ ಅನುಮಾನವನ್ನು ಮೊದಲು ಬಗೆಹರಿಸಿಬಿಡೋಣ, ಅದು ಬೇಗ ಮುಗಿಯುತ್ತದೆ. ಅಲ್ಲ. ಸರ್ಕಾರ ಏನನ್ನೂ ಪರೀಕ್ಷಿಸಿರಲಿಲ್ಲ. ಅಷ್ಟೇ ಅಲ್ಲ, ಪೇಟೆಂಟ್ ಔಷಧಗಳಲ್ಲಿ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ.

ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಕೆಲವರು ತಮ್ಮ ಮದ್ದಿಗೆ ರಾಜಮುದ್ರೆಯ ಹಕ್ಕುಪತ್ರ ಪಡೆದದ್ದು ನಿಜ. ಆಂಡರ್ಸನ್ನನ ಸ್ಕಾಟ್ಸ್ ಗುಳಿಗೆಗೆ 1687ರಲ್ಲಿ, ಸ್ಟೌಟನ್ನನ ಎಲಿಕ್ಸಿರ್‌ಗೆ 1712ರಲ್ಲಿ ಅಂಥ ಪತ್ರ ಸಿಕ್ಕಿತ್ತು. ಹೆಸರು ಅಲ್ಲಿಂದ ಅಂಟಿಕೊಂಡಿತು. ಆದರೆ ಪೇಟೆಂಟ್ ಬೇಕೆಂದರೆ ಒಳಗೆ ಏನಿದೆ ಎಂದು ಬಾಯಿಬಿಡಬೇಕಲ್ಲ? ವಿಕ್ಟೋರಿಯಾ ರಾಣಿಯ ಕಾಲದ ವ್ಯಾಪಾರಿಗಳಿಗೆ ಗುಟ್ಟೇ ಬಂಡವಾಳ. ಆದ್ದರಿಂದ ಅವರು ಹೆಸರನ್ನು, ಡಬ್ಬಿಯ ರೂಪವನ್ನು, ಸಹಿಯನ್ನು ಕಾಪಾಡಿಕೊಂಡರೇ ಹೊರತು ಪೇಟೆಂಟ್ ಕಚೇರಿಯ ಕಡೆ ತಲೆ ಹಾಕಲಿಲ್ಲ.

ಹಾಗಿದ್ದೂ ನಿಮಗೆ ಬಂದ ಅನುಮಾನವೇ ಆಗಿನ ಜನಕ್ಕೂ ಬಂದಿತ್ತು, ಅದಕ್ಕೆ ಕಾರಣವೂ ಇತ್ತು. 1783ರಿಂದ ಬ್ರಿಟಿಷ್ ಸರ್ಕಾರ ಇಂಥ ಮದ್ದುಗಳ ಮೇಲೆ ಸ್ಟಾಂಪ್ ಸುಂಕ ಹಾಕಿತು. ಒಂದು ಷಿಲಿಂಗ್‌ವರೆಗಿನ ಮಾಲಿಗೆ ಒಂದೂವರೆ ಪೆನ್ನಿ. ಆ ಕಾಲದ ಜಾಹೀರಾತುಗಳಲ್ಲಿ ‘ಒಂದು ಷಿಲಿಂಗ್ ಒಂದೂವರೆ ಪೆನ್ನಿ’ ಎಂಬ ವಿಚಿತ್ರ ಬೆಲೆ ಮತ್ತೆ ಮತ್ತೆ ಕಾಣುವುದು ಇದೇ ಲೆಕ್ಕಕ್ಕೆ. ಡಬ್ಬಿಯ ಮುಚ್ಚಳದ ಮೇಲೆ ಸುಂಕದ ಚೀಟಿ ಅಂಟಿರುತ್ತಿತ್ತು. ಕೊಳ್ಳುವವನ ಕಣ್ಣಿಗೆ ಅದು ಸರ್ಕಾರದ ಒಪ್ಪಿಗೆಯ ಮುದ್ರೆ. ನಮ್ಮಲ್ಲಿ ಮದ್ಯದ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಚೀಟಿ ಇರುತ್ತದಲ್ಲ, ಅದನ್ನು ನೋಡಿ ಒಳಗಿರುವುದು ಮೈಗೆ ಒಳ್ಳೆಯದು ಎಂದು ಯಾರೂ ತಿಳಿಯುವುದಿಲ್ಲ. ಔಷಧದ ಮೇಲೆ ಅದೇ ಚೀಟಿ ಇದ್ದರೆ ಮಾತ್ರ ಅರ್ಥ ಬೇರೆಯಾಗುತ್ತದೆ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಸರ್ಕಾರಕ್ಕೂ ಗೊತ್ತಿತ್ತು, ಆದರೆ ಖಜಾನೆಗೆ ದುಡ್ಡು ಬರುತ್ತಿತ್ತು.

ಇನ್ನು ಮುಖ್ಯ ಪ್ರಶ್ನೆ. ಜನ ಹೇಗೆ ನಂಬಿದರು?

ನನ್ನ ಉತ್ತರ ನಿಮಗೆ ವಿಚಿತ್ರ ಅನ್ನಿಸಬಹುದು. ಆ ಮದ್ದುಗಳಲ್ಲಿ ಬಹಳಷ್ಟು ನಿಜಕ್ಕೂ ಕೆಲಸ ಮಾಡುತ್ತಿದ್ದವು, ಅದಕ್ಕೇ ನಂಬಿದರು. ಡಬ್ಬಿಯ ಮೇಲೆ ಬರೆದಿದ್ದ ಕೆಲಸವನ್ನಲ್ಲ, ಬೇರೆ ಯಾವುದೋ ಕೆಲಸವನ್ನು. ಬರೀ ಬಣ್ಣದ ನೀರಾಗಿದ್ದರೆ ನಾಲ್ಕು ದಿನದಲ್ಲಿ ಬಣ್ಣ ಬಯಲಾಗುತ್ತಿತ್ತು.

ಬೀಚಮ್ಸ್ ಗುಳಿಗೆಯನ್ನೇ ತೆಗೆದುಕೊಳ್ಳಿ. ಥಾಮಸ್ ಬೀಚಮ್ 1820ರಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗ ಆಕ್ಸ್‌ಫರ್ಡ್‌ಶೈರಿನಲ್ಲಿ ಕುರಿ ಕಾಯುತ್ತಿದ್ದ. ಗಿಡಮೂಲಿಕೆಯ ಅಲ್ಪಸ್ವಲ್ಪ ತಿಳಿವಳಿಕೆಯೊಂದಿಗೆ ಸಂತೆಯಲ್ಲಿ ಗುಳಿಗೆ ಮಾರುತ್ತಾ ಲ್ಯಾಂಕಶೈರಿನ ಸೇಂಟ್ ಹೆಲೆನ್ಸ್‌ಗೆ ಬಂದು ನೆಲೆಸಿದ. ‘ಡಬ್ಬಿಗೊಂದು ಗಿನಿ ಬೆಲೆ ಬಾಳುತ್ತದೆ’ ಎನ್ನುವುದು ಅವನ ಘೋಷವಾಕ್ಯ. ಗಿನಿ ಅಂದರೆ ಇಪ್ಪತ್ತೊಂದು ಷಿಲಿಂಗ್. ಮಾರುತ್ತಿದ್ದದ್ದು ಒಂದು ಷಿಲಿಂಗ್ ಒಂದೂವರೆ ಪೆನ್ನಿಗೆ. ಹೊಟ್ಟೆ ಉಬ್ಬರ, ತಲೆನೋವು, ತಲೆಸುತ್ತು, ಮೈ ನಡುಕ, ಚರ್ಮದ ಕಲೆ, ಉಸಿರುಗಟ್ಟುವುದು, ನಿದ್ದೆಗೇಡು, ಕೊನೆಗೆ ಕೆಟ್ಟ ಕನಸು, ಎಲ್ಲವೂ ಅವನ ಪಟ್ಟಿಯಲ್ಲಿದ್ದವು. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ 1909ರಲ್ಲಿ ಇಂಥ ಗುಪ್ತ ಮದ್ದುಗಳ ವಿಶ್ಲೇಷಣೆಯನ್ನು ಪುಸ್ತಕ ಮಾಡಿ ಹೊರತಂದಾಗ ಈ ಗುಳಿಗೆಯಲ್ಲಿ ಸಿಕ್ಕಿದ್ದು ಮೂರೇ ವಸ್ತು: ಲೋಳೆಸರದ ಒಣ ರಸ, ಶುಂಠಿ ಪುಡಿ, ಸೋಪು. ಒಂದು ಡಬ್ಬಿಯ 56 ಗುಳಿಗೆಗೆ ತಗಲುವ ಸಾಮಾನಿನ ವೆಚ್ಚ ಸುಮಾರು ಅರ್ಧ ಫಾರ್ದಿಂಗ್. ಷಿಲಿಂಗಿಗೆ ಹನ್ನೆರಡು ಪೆನ್ನಿ, ಪೆನ್ನಿಗೆ ನಾಲ್ಕು ಫಾರ್ದಿಂಗ್. ಲೆಕ್ಕ ಹಾಕಿ ನೋಡಿ, ಸಾಮಾನಿನ ಬೆಲೆಯ ನೂರೆಂಟು ಪಟ್ಟು. ನಮ್ಮವರಿಗೆ ಮಂಗಳಕರ ಸಂಖ್ಯೆಯೇ ಸರಿ.

ಸೋಪು ಅಂದೊಡನೆ ಮೂಗು ಮುರಿಯಬೇಡಿ. ನಾನು ಡಿ.ಫಾರ್ಮ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ವರ್ಷಕ್ಕೊಮ್ಮೆ ಹಳೇ ಪದ್ಧತಿಯಲ್ಲಿ ಗುಳಿಗೆ ಕಟ್ಟಿಸುತ್ತಿದ್ದೆ. ಲೋಳೆಸರದ ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿಂದ ಒಸರುವ ಹಳದಿ ರಸ ಒಣಗಿ ಕಪ್ಪಗಾಗುತ್ತದಲ್ಲ, ಗ್ರಂಥಿಗೆ ಅಂಗಡಿಯಲ್ಲಿ ಕರಿಬೋಳ ಅನ್ನುತ್ತಾರೆ, ಅದನ್ನು ಖಲಬತ್ತಿನಲ್ಲಿ ಕುಟ್ಟಿ ಪುಡಿ ಮಾಡಬೇಕು. ಅಷ್ಟರಲ್ಲೇ ಕೋಣೆಯಲ್ಲಿದ್ದವರ ನಾಲಿಗೆಯೆಲ್ಲ ಕಹಿ. ಶುಂಠಿ ಪುಡಿ ಸೇರಿಸಿ, ಚೂರು ಗಟ್ಟಿ ಸೋಪು ತುರಿದು ಹಾಕಿ, ಎರಡು ಹನಿ ನೀರು ಬಿಟ್ಟು ಚಪಾತಿ ಹಿಟ್ಟಿನಂತೆ ನಾದಿದರೆ ಮುದ್ದೆಯಾಗುತ್ತದೆ. ಅದನ್ನು ಕಲ್ಲಿನ ಮೇಲೆ ಹೊಸೆದು ಶಾವಿಗೆಗಿಂತ ದಪ್ಪನೆಯ ಎಳೆ ಮಾಡಿ, ಗೀರಿರುವ ಹಿತ್ತಾಳೆ ಹಲಗೆಯ ಮೇಲಿಟ್ಟು ಒತ್ತಿದರೆ ಒಂದೇ ಅಳತೆಯ ತುಂಡುಗಳು. ಬೆರಳಲ್ಲಿ ಉರುಟಿದರೆ ಗುಳಿಗೆ ಆಯಿತು. ಸೋಪು ಇಲ್ಲದಿದ್ದರೆ ಮುದ್ದೆ ಪುಡಿಪುಡಿ. 1860ರ ದಶಕದ ಬ್ರಿಟಿಷ್ ಫಾರ್ಮಕೋಪಿಯ ಎಂಬ ಅಧಿಕೃತ ಔಷಧ ಸೂತ್ರಗಳ ಗ್ರಂಥದಲ್ಲಿದ್ದ ಲೋಳೆಸರದ ಗುಳಿಗೆಯಲ್ಲೂ ಗಟ್ಟಿ ಸೋಪು ಇತ್ತು. ಅಂದರೆ ಪದವಿ ಪಡೆದ ವೈದ್ಯ ಚೀಟಿ ಬರೆದುಕೊಟ್ಟರೂ ರೋಗಿಯ ಹೊಟ್ಟೆಗೆ ಹೋಗುತ್ತಿದ್ದದ್ದು ಬಹುಮಟ್ಟಿಗೆ ಇದೇ.

ಈಗ ಇದನ್ನು ನುಂಗಿದವನ ಕಥೆ ನೋಡಿ. ಲೋಳೆಸರದ ಕಹಿ ಅಂಶ ಜಠರದಲ್ಲಿ ಏನೂ ಮಾಡುವುದಿಲ್ಲ. ದೊಡ್ಡಕರುಳು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದ ಮೇಲೆ ಕರುಳನ್ನು ಕೆರಳಿಸುತ್ತದೆ. ಅದಕ್ಕೆ ಎಂಟು, ಹತ್ತು ತಾಸು ಬೇಕು. ರಾತ್ರಿ ಮಲಗುವಾಗ ನುಂಗಿದರೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಭೇದಿ. ಹೊಟ್ಟೆ ಕಿವುಚದಿರಲಿ ಎಂದು ಶುಂಠಿ. ಗಿರಣಿ ಊರಿನ ಕೂಲಿಯವನ ಊಟ ಏನು? ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಹಾಕಿದ ಚಹಾ. ಮಲಬದ್ಧತೆ ಮನೆಮನೆಯ ಬಾಧೆ. ತಲೆ ಭಾರ, ಬಾಯಿ ರುಚಿಗೇಡು, ಹೊಟ್ಟೆ ಉಬ್ಬರ, ರಾತ್ರಿ ಕೆಟ್ಟ ಕನಸು, ಇವುಗಳಲ್ಲಿ ಕೆಲವಾದರೂ ಬೆಳಿಗ್ಗೆಗೆ ಹಗುರವಾಗುತ್ತಿದ್ದವು. ‘ರಕ್ತ ಕೆಟ್ಟಿತ್ತು, ಕಲ್ಮಶ ಹೊರಗೆ ಹೋಯಿತು’ ಎಂದು ಅವನು ಅಂದುಕೊಂಡರೆ ತಪ್ಪೇನು? ಕಣ್ಣಾರೆ ಕಂಡಿದ್ದಾನೆ. ನಮ್ಮ ಅಜ್ಜಿ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದರು. ಕಜ್ಜಿ ಬಂದರೂ ಅದೇ, ಓದಿನಲ್ಲಿ ಹಿಂದೆ ಬಿದ್ದರೂ ಅದೇ. ಬೀಚಮ್ ಹೇಳಿದ್ದಕ್ಕೂ ಅಜ್ಜಿ ಹೇಳಿದ್ದಕ್ಕೂ ತತ್ವದಲ್ಲಿ ಹೆಚ್ಚು ದೂರವಿರಲಿಲ್ಲ. ಅಜ್ಜಿ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೇ.

ಆಗಿನ ವೈದ್ಯರ ಬಳಿ ಇದಕ್ಕಿಂತ ಒಳ್ಳೆಯದು ಏನಿತ್ತು ಎನ್ನುವುದನ್ನೂ ಕೇಳಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಜಿಗಣೆ ಹಚ್ಚುವುದು, ರಕ್ತ ತೆಗೆಯುವುದು, ಪಾದರಸದ ಕ್ಯಾಲೊಮೆಲ್ ಕೊಟ್ಟು ಜೊಲ್ಲು ಸುರಿಸುವುದು ಇವೇ ಮುಖ್ಯ ಚಿಕಿತ್ಸೆ. ಕ್ಷಯಕ್ಕೆ ಕಾರಣವಾದ ಜೀವಾಣುವನ್ನು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿದ್ದೇ 1882ರಲ್ಲಿ, ತೋರಿಸಿದ ಮೇಲೂ ದಶಕಗಳ ಕಾಲ ಮದ್ದಿರಲಿಲ್ಲ. ವೈದ್ಯರ ಫೀಸು ಬಡವರ ಕೈಗೆಟುಕುತ್ತಿರಲಿಲ್ಲ. ಹಾಗಿರುವಾಗ ಕಷಾಯದ ಅಂಗಡಿಗೋ ಗುಳಿಗೆಯ ಡಬ್ಬಿಗೋ ಕೈ ಚಾಚಿದವರನ್ನು ಮೂಢರು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಎಲ್ಲ ಮದ್ದೂ ಲೋಳೆಸರದಷ್ಟು ಸಾಧು ಆಗಿರಲಿಲ್ಲ. ಕ್ಲೋರೋಡಿನ್ ಕಥೆ ನಮ್ಮ ದೇಶಕ್ಕೆ ಅಂಟಿಕೊಂಡದ್ದು. ಜಾನ್ ಕಾಲಿಸ್ ಬ್ರೌನ್ ಎಂಬ ಸೇನಾ ವೈದ್ಯ 1840ರ ದಶಕದ ಕೊನೆಯಲ್ಲಿ ಭಾರತದಲ್ಲಿದ್ದಾಗ ಕಾಲರಾಕ್ಕೆಂದು ಮಾಡಿಕೊಂಡ ಮಿಶ್ರಣ ಅದು: ಅಫೀಮಿನಿಂದ ತೆಗೆದ ಮಾರ್ಫಿನ್, ಕ್ಲೋರೋಫಾರ್ಮ್, ಭಂಗಿಯ ಸಾರ. 1856ರಿಂದ ಲಂಡನ್ನಿನ ಡೇವನ್‌ಪೋರ್ಟ್ ಅದನ್ನು ಮಾರತೊಡಗಿದ. ಅದು ಎಷ್ಟು ಓಡಿತೆಂದರೆ ಫ್ರೀಮನ್ ಎಂಬವನು ತನ್ನದೇ ಕ್ಲೋರೋಡಿನ್ ಅಸಲಿ ಎಂದು ಮಾರಲು ಹೊರಟು, 1864ರಲ್ಲಿ ಅದು ಕೋರ್ಟು ಹತ್ತಿತು. ಬ್ರೌನೇ ಮೂಲ ಕರ್ತೃ ಎಂದು ನ್ಯಾಯಾಧೀಶರು ಹೇಳಿದ ಮಾತು ಮುಂದೆ ದಶಕಗಳ ಕಾಲ ಜಾಹೀರಾತಿನಲ್ಲಿ ಮೆರೆಯಿತು. ಕೋರ್ಟು ತೀರ್ಮಾನಿಸಿದ್ದು ಯಾರು ಮೊದಲು ಮಾಡಿದರು ಎಂಬುದನ್ನು. ಓದುಗನಿಗೆ ಕೇಳಿಸಿದ್ದು ಮದ್ದು ಒಳ್ಳೆಯದು ಎಂದು. ಸುಂಕದ ಚೀಟಿಯ ಕಥೆಯೇ ಇದು, ವೇಷ ಮಾತ್ರ ಬೇರೆ.

ಕ್ಲೋರೋಡಿನ್ ಏನು ಮಾಡುತ್ತಿತ್ತು? ಮಾರ್ಫಿನ್ ಕರುಳಿನ ಚಲನೆಯನ್ನು ಕಟ್ಟುತ್ತದೆ, ಕೆಮ್ಮನ್ನು ಅಡಗಿಸುತ್ತದೆ, ನೋವನ್ನು ಮರೆಸುತ್ತದೆ. ಮಾಮೂಲಿ ಭೇದಿ, ಕೆಮ್ಮು, ನರದ ನೋವು ಇದ್ದವರಿಗೆ ಅರ್ಧ ತಾಸಿನಲ್ಲಿ ಸ್ವರ್ಗ. ಕಾಲರಾ ಬಂದವನು ಸಾಯುವುದು ಮೈಯ ನೀರು, ಉಪ್ಪು ಬತ್ತಿ. ಅದಕ್ಕೆ ಇದರಿಂದ ಪ್ರಯೋಜನವಿಲ್ಲ. ಇಲ್ಲಿ ಒಂದು ಕಹಿ ಸಂಗತಿ ಹೇಳದೆ ಇರಲಾರೆ. ಓಷಾನೆಸಿ ಎಂಬ ಐರಿಷ್ ವೈದ್ಯ 1831ರಲ್ಲೇ ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿ ನೀರು, ಉಪ್ಪು ಕಡಿಮೆಯಾಗಿದೆ ಎಂದು ಬರೆದ. ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಾಟ ರಕ್ತನಾಳಕ್ಕೆ ಉಪ್ಪುನೀರು ಕೊಟ್ಟು ಕೆಲವರನ್ನು ಉಳಿಸಿದ. ವೈದ್ಯಲೋಕ ಅದನ್ನು ಮರೆತುಬಿಟ್ಟಿತು. ಅದೇ ಓಷಾನೆಸಿ ಕಲ್ಕತ್ತೆಗೆ ಬಂದು 1839ರಲ್ಲಿ ಭಂಗಿಯ ಬಗ್ಗೆ ಬರೆದ. ಅದನ್ನು ಮಾತ್ರ ಪಶ್ಚಿಮದ ವೈದ್ಯರು ಕಣ್ಣಿಗೊತ್ತಿಕೊಂಡರು, ಅದು ಕ್ಲೋರೋಡಿನ್ ಬಾಟಲಿಯೊಳಗೂ ಇಳಿಯಿತು. ಒಬ್ಬನೇ ಮನುಷ್ಯನ ಎರಡು ಮಾತಿನಲ್ಲಿ ಜೀವ ಉಳಿಸುವುದನ್ನು ಬಿಟ್ಟರು, ಹಾಯೆನಿಸುವುದನ್ನು ಹಿಡಿದರು. ಉಪ್ಪು ಸಕ್ಕರೆ ನೀರು ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ತನ್ನ ಶಕ್ತಿ ತೋರಿಸಲು 1971ರವರೆಗೆ ಕಾಯಬೇಕಾಯಿತು.

ಮಕ್ಕಳ ಮದ್ದಿನ ವಿಷಯಕ್ಕೆ ಬಂದರೆ ಈಗಲೂ ಕೈ ನಡುಗುತ್ತದೆ. ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬುದು ಕಾಕಂಬಿಯಲ್ಲಿ ಕಲಸಿದ ಅಫೀಮು. ತಾಯಿ ಬೆಳಗಾಗುವ ಮುನ್ನ ಗಿರಣಿಗೆ ಹೋಗಬೇಕು, ಮಗು ನೋಡಿಕೊಳ್ಳುವ ಮುದುಕಿಯ ಬಳಿ ಇನ್ನೂ ನಾಲ್ಕಾರು ಕೂಸುಗಳು. ಒಂದು ಚಮಚ ಕೊಟ್ಟರೆ ಅಷ್ಟೂ ಸದ್ದಿಲ್ಲದೆ ಮಲಗುತ್ತಿದ್ದವು. ಒಬ್ಬೊಬ್ಬ ಅಂಗಡಿಯವನದು ಒಂದೊಂದು ಹದ. ಬಾಟಲಿ ಅಲ್ಲಾಡಿಸದಿದ್ದರೆ ಅಫೀಮು ತಳಕ್ಕಿಳಿದು ಕೊನೆಯ ಚಮಚ ವಿಷವಾಗುತ್ತಿತ್ತು. ಆದರೆ ಹೆಚ್ಚು ಕೂಸುಗಳು ಸತ್ತದ್ದು ಹಾಗಲ್ಲ. ಅಫೀಮು ಹಸಿವನ್ನು ಕೊಲ್ಲುತ್ತದೆ. ನಿದ್ದೆಗಣ್ಣಿನ ಮಗು ಹಾಲು ಕೇಳುವುದಿಲ್ಲ, ಅಳುವುದಿಲ್ಲ, ದಿನದಿಂದ ದಿನಕ್ಕೆ ಬಡಕಲಾಗುತ್ತದೆ. ಸಾವಿನ ದಾಖಲೆಯಲ್ಲಿ ‘ನಿಶ್ಶಕ್ತಿ’ ಎಂದು ಬರೆದು ಮುಗಿಸುತ್ತಿದ್ದರು. ಇದು ಇಂಗ್ಲೆಂಡಿನ ಕಥೆ ಮಾತ್ರವೂ ಅಲ್ಲ. ಮುಂಬಯಿಯ ಗಿರಣಿ ಕೇರಿಗಳಲ್ಲೂ ಅಫೀಮು ಸೇರಿಸಿದ ಬಾಲಗೋಲಿ ಇದೇ ಕೆಲಸಕ್ಕೆ ಬಳಕೆಯಾಗುತ್ತಿತ್ತು.

1868ರ ಫಾರ್ಮಸಿ ಕಾಯಿದೆ ಅಫೀಮು ಮಾರಾಟಕ್ಕೆ ಕಡಿವಾಣ ಹಾಕಿತು. ನೋಂದಾಯಿತ ಔಷಧ ವ್ಯಾಪಾರಿಯೇ ಮಾರಬೇಕು, ‘ವಿಷ’ ಎಂದು ಚೀಟಿ ಅಂಟಿಸಬೇಕು. ಚೆನ್ನಾಗಿದೆಯಲ್ಲ? ಕಾನೂನು ಓದುವವರಾದ್ದರಿಂದ ನೀವು ವಿನಾಯಿತಿಯ ಕಲಮು ಹುಡುಕುತ್ತೀರಿ ಎಂದು ಗೊತ್ತು. ಇತ್ತು. ಪೇಟೆಂಟ್ ಔಷಧಗಳಿಗೆ ಇದು ಅನ್ವಯಿಸುವುದಿಲ್ಲ ಎಂದಿತ್ತು. ಬರೀ ಅಫೀಮು ಕೊಂಡರೆ ವಿಷ, ಬಾಟಲಿಗೆ ಹಾಕಿ ಹೆಸರಿಟ್ಟರೆ ಸಂಜೀವಿನಿ. ಈ ಕಿಂಡಿ ಮುಚ್ಚತೊಡಗಿದ್ದು 1890ರ ದಶಕದಲ್ಲಿ, ಅದೂ ಕೋರ್ಟುಗಳ ತೀರ್ಪಿನಿಂದ.

ನಿಷ್ಪಕ್ಷಪಾತವಾಗಿ ಹೇಳಬೇಕೆಂದರೆ ಒಳ್ಳೆಯ ಮದ್ದೂ ಇದೇ ಗುಂಪಿನಲ್ಲಿತ್ತು. ‘ಬಿಳಿಚಿದವರಿಗೆ ಗುಲಾಬಿ ಗುಳಿಗೆ’ ಎಂದು ಕೆನಡಾದಿಂದ ಬಂದ ಡಾಕ್ಟರ್ ವಿಲಿಯಮ್ಸ್ ಗುಳಿಗೆಯಲ್ಲಿ ಕಬ್ಬಿಣದ ಅಂಶವಿತ್ತು. ರಕ್ತಹೀನತೆಯ ಹುಡುಗಿಯರಿಗೆ ಅದು ನಿಜಕ್ಕೂ ಆಗುತ್ತಿತ್ತು, ಪಾರ್ಶ್ವವಾಯುವಿಗೂ ಆಗುತ್ತದೆ ಎಂದದ್ದು ಸುಳ್ಳು. ನಿಮ್ಮ ಮನೆಯ ಕಪಾಟು ತೆರೆದರೂ ಆ ಕಾಲದ ಒಂದೆರಡು ಸಿಕ್ಕಾವು. ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ 1851ರಲ್ಲಿ ಮಾಡಿದ ಗ್ರೈಪ್ ವಾಟರ್‌ನಲ್ಲಿ ಅಡುಗೆ ಸೋಡಾ, ಸಬ್ಬಸಿಗೆ ಎಣ್ಣೆ, ಸಕ್ಕರೆ, ಜೊತೆಗೆ ಒಂದಿಷ್ಟು ಆಲ್ಕೋಹಾಲು ಇತ್ತು. ಅಫೀಮು ಇರಲಿಲ್ಲ, ಆ ಮಟ್ಟಿಗೆ ಪುಣ್ಯ. ಈನೊ ಫ್ರೂಟ್ ಸಾಲ್ಟ್ ಮಾಡಿದ ಜೇಮ್ಸ್ ಈನೊ ಬಂದರು ಪಟ್ಟಣ ನ್ಯೂಕ್ಯಾಸಲ್ಲಿನ ಔಷಧ ವ್ಯಾಪಾರಿ. ಈಗ ನಾವು ಅದನ್ನು ಹುಳಿತೇಗಿಗೋ ದಿಢೀರ್ ಢೋಕ್ಲಾಕ್ಕೋ ಬಳಸುತ್ತೇವೆ. ಆಗಿನ ಜಾಹೀರಾತಿನಲ್ಲಿ ಅದು ಜ್ವರ ತಡೆಯುವ, ರಕ್ತ ಶುದ್ಧಿ ಮಾಡುವ ಮಹೌಷಧ.

ಈಗ ನಿಮ್ಮ ‘ಅಷ್ಟು ಮುಂದುವರಿದ ಇಂಗ್ಲೆಂಡ್’ ಎಂಬ ಮಾತಿಗೆ ಬರುತ್ತೇನೆ. ಮುಂದುವರಿದಿದ್ದರಿಂದಲೇ ಈ ವ್ಯಾಪಾರ ಬೆಳೆಯಿತು. ರೈಲು ಡಬ್ಬಿಗಳನ್ನು ಹೊತ್ತೊಯ್ದಿತು. ಅಗ್ಗದ ಮುದ್ರಣ ಜಾಹೀರಾತನ್ನು ಮನೆಮನೆಗೆ ಮುಟ್ಟಿಸಿತು. ಥಾಮಸ್ ಹಾಲೊವೆ 1837ರಲ್ಲಿ ಮುಲಾಮು ಮಾರಲು ಶುರು ಮಾಡಿ, ಜಾಹೀರಾತಿನ ಸಾಲ ತೀರಿಸಲಾಗದೆ ಸಾಲಗಾರರ ಜೈಲು ಕಂಡು ಬಂದವನು. ಬುದ್ಧಿ ಕಲಿತು ಜಾಹೀರಾತು ಕಡಿಮೆ ಮಾಡಿದನೇ? ಇನ್ನೂ ಹೆಚ್ಚಿಸಿದ. 1842ರಲ್ಲಿ ವರ್ಷಕ್ಕೆ 5,000 ಪೌಂಡ್ ಇದ್ದದ್ದು ಕೊನೆಗಾಲಕ್ಕೆ 50,000 ಪೌಂಡಿಗೆ ಏರಿತು. ವಸಾಹತುಗಳ ಪತ್ರಿಕೆಗಳಲ್ಲೆಲ್ಲ ಅವನ ಹೆಸರು. ಆ ದುಡ್ಡಿನಲ್ಲೇ ಹೆಣ್ಣುಮಕ್ಕಳಿಗಾಗಿ ಕಟ್ಟಿಸಿದ ಕಾಲೇಜನ್ನು 1886ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಉದ್ಘಾಟಿಸಿದಳು. ಅಷ್ಟು ಹೊತ್ತಿಗೆ ಹಾಲೊವೆ ತೀರಿಕೊಂಡು ಎರಡೂವರೆ ವರ್ಷ. ಆ ಕೆಂಪಿಟ್ಟಿಗೆಯ ಕಟ್ಟಡ ಈಗಲೂ ಲಂಡನ್ ವಿಶ್ವವಿದ್ಯಾಲಯದ ಭಾಗ. ಕೊಬ್ಬು, ಮೇಣ, ಮತ್ತೆ ಅದೇ ಲೋಳೆಸರ ಕಟ್ಟಿದ ಕಾಲೇಜು ಅದು.

ಹೊಸ ವಿಜ್ಞಾನದ ಹೆಸರು ಬಂದಂತೆಲ್ಲ ಹೊಸ ಸರಕು ಬಂತು. ವಿದ್ಯುತ್ತು ಸುದ್ದಿಯಾದಾಗ ವಿದ್ಯುತ್ ಸೊಂಟಪಟ್ಟಿ ಬಂತು. ಲಿಸ್ಟರ್ ಎಂಬ ಶಸ್ತ್ರವೈದ್ಯ 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಶಸ್ತ್ರಚಿಕಿತ್ಸೆಯ ಗಾಯ ಕೊಳೆಯದಂತೆ ಮಾಡಬಹುದು ಎಂದು ಬರೆದ. ಅದು ಅಪ್ಪಟ ವಿಜ್ಞಾನ. ಆ ಕೀರ್ತಿಯ ನೆರಳಿನಲ್ಲೇ ನಿಮ್ಮ ಸ್ಮೋಕ್ ಬಾಲ್ ಹುಟ್ಟಿತು. ರಬ್ಬರ್ ಚೆಂಡಿನೊಳಗೆ ಕಾರ್ಬಾಲಿಕ್ ಬೆರೆಸಿದ ಪುಡಿ, ಹಿಸುಕಿದರೆ ನಳಿಕೆಯಿಂದ ಮೂಗಿಗೆ. ಘಾಟು ಏರಿ ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು. ಏನೋ ಆಗುತ್ತಿದೆ ಎಂದು ಮೈಗೇ ಗೊತ್ತಾಗುತ್ತಿತ್ತು. ಬೆಲೆ ಹತ್ತು ಷಿಲಿಂಗ್, ಬಡವರ ಮಾಲಲ್ಲ. ಓದಿದವರೇ ಕೊಂಡರು.

ಪ್ರಕರಣ ನಿಮಗೆ ಗೊತ್ತೇ ಇದೆ: 1891ರ ನವೆಂಬರಿನ ಜಾಹೀರಾತು, ಎರಡು ವಾರ ದಿನಕ್ಕೆ ಮೂರು ಸಲ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಬಹುಮಾನ, ಅಲಯನ್ಸ್ ಬ್ಯಾಂಕಿನಲ್ಲಿ 1,000 ಪೌಂಡ್ ಠೇವಣಿ. ಶ್ರೀಮತಿ ಕಾರ್ಲಿಲ್ ನವೆಂಬರ್ 20ರಿಂದ ತಪ್ಪದೆ ಊದಿಕೊಂಡರು, 1892ರ ಜನವರಿ 17ಕ್ಕೆ ಜ್ವರ ಬಂತು. ಅವರ ಗಂಡನಿಗೆ ವಕೀಲಿ ವಿದ್ಯೆ ಗೊತ್ತಿತ್ತು. ಕಂಪನಿ ಬಹುಮಾನ ಕೊಡದಿದ್ದಾಗ ಕೋರ್ಟಿಗೆ ಹೋಗಿ ಗೆದ್ದರು. ಪಾಠದಲ್ಲಿ ಪ್ರಸ್ತಾಪ, ಸ್ವೀಕಾರ, ನಮ್ಮ 1872ರ ಕಾಂಟ್ರಾಕ್ಟ್ ಕಾಯಿದೆಯ 8ನೆಯ ಕಲಮು ಎಂದೆಲ್ಲ ಓದಿರುತ್ತೀರಿ. ಔಷಧದ ಕಡೆಯಿಂದ ನೋಡುವ ನನಗೆ ಕಾಣುವುದು ಬೇರೆ. ಇಡೀ ತೀರ್ಪಿನಲ್ಲಿ ಆ ಚೆಂಡು ಕೆಲಸ ಮಾಡುತ್ತದೆಯೇ ಎಂಬುದು ತೀರ್ಮಾನವಾಗಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದೆಯಾ, ದುಡ್ಡು ಕೊಡು, ಅಷ್ಟೇ. ಬಹುಮಾನದ ಆಸೆ ತೋರಿಸದೆ ಸುಮ್ಮನೆ ‘ಜ್ವರ ಬರುವುದಿಲ್ಲ’ ಎಂದಷ್ಟೇ ಬರೆದಿದ್ದರೆ ಕಂಪನಿಗೆ ಏನೂ ಆಗುತ್ತಿರಲಿಲ್ಲ. ಮಾಲೀಕ ಫ್ರೆಡರಿಕ್ ರೋ ಸೋತ ಮೇಲೆ ಮಾಡಿದ್ದನ್ನು ನೋಡಿ: ಸಾವಿರಾರು ಚೆಂಡು ಮಾರಿದರೂ ಬಹುಮಾನ ಕೇಳಿದವರು ಮೂರೇ ಜನ ಎಂದು ಹೊಸ ಜಾಹೀರಾತು ಕೊಟ್ಟು, ಬಹುಮಾನವನ್ನು 200 ಪೌಂಡಿಗೆ ಏರಿಸಿದ. ಷರತ್ತು ಮಾತ್ರ ಈ ಸಲ ಬಿಗಿ.

ಪತ್ರಿಕೆಗಳು ಯಾಕೆ ಬಯಲು ಮಾಡಲಿಲ್ಲ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಅವು ಬದುಕುತ್ತಿದ್ದದ್ದೇ ಈ ಜಾಹೀರಾತಿನ ದುಡ್ಡಿನಲ್ಲಿ. ಮೇಲೆ ಹೇಳಿದ 1909ರ ಪುಸ್ತಕದ ಜಾಹೀರಾತನ್ನು ಹಾಕಲು ಹಲವು ಪತ್ರಿಕೆಗಳು ಒಪ್ಪಲೇ ಇಲ್ಲ. ಕೊನೆಗೆ ಪಾರ್ಲಿಮೆಂಟಿನ ಸಮಿತಿಯೊಂದು 1912ರಿಂದ ಎರಡು ವರ್ಷ ಸಾಕ್ಷ್ಯ ಕೇಳಿ, ಕಟುವಾದ ವರದಿ ಬರೆಯಿತು. ಅದು ಹೊರಬಂದದ್ದು 1914ರ ಆಗಸ್ಟ್ 4ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ. ಯಾರು ಓದುತ್ತಾರೆ? ಒಳಗೇನಿದೆ ಎಂದು ಡಬ್ಬಿಯ ಮೇಲೆ ಬರೆಯಲೇಬೇಕು ಎಂಬ ನಿಯಮ ಬಂದದ್ದು, ಆ ಹಳೆಯ ಸ್ಟಾಂಪ್ ಸುಂಕ ಹೋದದ್ದು 1941ರಲ್ಲಿ. ನಮ್ಮಲ್ಲಿ ಡ್ರಗ್ಸ್ ಕಾಯಿದೆ 1940ರಲ್ಲಿ, ಮಾಂತ್ರಿಕ ಮದ್ದುಗಳ ಜಾಹೀರಾತಿನ ಮೇಲಿನ ಕಾಯಿದೆ 1954ರಲ್ಲಿ ಬಂತು. ಎರಡನೆಯದನ್ನು ಪಠ್ಯದಲ್ಲಿ ಇಲ್ಲದಿದ್ದರೂ ಒಮ್ಮೆ ಓದಿ, ಅದರ ಕೊನೆಯಲ್ಲಿರುವ ರೋಗಗಳ ಪಟ್ಟಿಯನ್ನು ಬೀಚಮ್ಮನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಶ್ರೀಮತಿ ಕಾರ್ಲಿಲ್ ಏನಾದರು ಎಂಬುದನ್ನು ನಿಮ್ಮ ಪಠ್ಯಪುಸ್ತಕ ಹೇಳಿರಲಾರದು. ಅವರು ತೊಂಬತ್ತಾರು ವರ್ಷ ಬಾಳಿ 1942ರಲ್ಲಿ ತೀರಿಕೊಂಡರು. ವೈದ್ಯರು ಸಾವಿನ ಕಾರಣವೆಂದು ಮೊದಲು ಬರೆದದ್ದು ವೃದ್ಧಾಪ್ಯ. ಅದರ ಜೊತೆಗೆ ಇನ್ನೊಂದನ್ನೂ ಸೇರಿಸಿದ್ದರು: ಇನ್‌ಫ್ಲುಯೆಂಜಾ.